ನಿಂತ ಗಾಡಿಗೆ ಕಾಲಂ ಇಲ್ಲ

ಹನ್ನೊಂದು ಗಂಟೆಗೆ ಸರಿಯಾಗಿ ಅವನು ಇಂಜಿನ್ ಶುರು ಮಾಡಿದ. ಎ.ಸಿ. ಗುಂಡಿ ಒತ್ತಿ, ಫ್ಯಾನನ್ನು ಎರಡಕ್ಕೆ ತಿರುಗಿಸಿ, ನಾಲ್ಕೂ ಕಿಟಕಿಯ ಗಾಜು ಪೂರ್ತಿ ಏರಿದೆಯೇ ಎಂದು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿ, ಕೆಳಗಿಳಿದು ಬಾಗಿಲು ಹಾಕಿದ. ಬಾಗಿಲು ಸರಿಯಾಗಿ ಕೂತಿತೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಮ್ಮೆ ತೆಗೆದು ಹಾಕಿದ. ಆಮೇಲೆ ಅಂಗಿಯ ಜೇಬಿನಿಂದ ಅಂಗೈಯಗಲದ ನೋಟ್‌ಬುಕ್ ತೆಗೆದು ‘ಬಾಗಿಲು ತೆರೆದದ್ದು: ಒಂದು ಸಲ’ ಎಂದು ಬರೆದುಕೊಂಡ. ಕಚೇರಿಯ ಹಿಂದಿನ ಆ ಅಂಗಳದಲ್ಲಿ ಒಂದು ತುಣುಕು ನೆರಳೂ ಇರಲಿಲ್ಲ. ಬೇಕೆಂದೇ ಗಾಡಿಯನ್ನು ಅಲ್ಲಿ ನಿಲ್ಲಿಸಿದ್ದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಬಿಳಿ ಕಾಗದದ ಒಂದು ಪಟ್ಟಿ ಅಂಟಿಸಿತ್ತು, ಅದರ ಮೇಲೆ ವಾಹನ ವಿಭಾಗದ ಸೂಪರಿಂಟೆಂಡೆಂಟರ ಉದ್ದನೆಯ ಸಹಿ. ಬೆಳಿಗ್ಗೆ ಎದುರಿನ ಬಂಕಿನಲ್ಲಿ ತುಂಬಿಸಿದ ಮೇಲೆ ಅವರೇ ಬಗ್ಗಿ ಅಂಟಿಸಿದ್ದರು. ಮೂರು ಗಂಟೆಯವರೆಗೆ ಗಾಡಿ ನಿಂತಲ್ಲೇ ಓಡಬೇಕು. ಮೂರಕ್ಕೆ ಅದೇ ಬಂಕಿಗೆ ಹೋಗಿ ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯುತ್ತದೋ ಅಷ್ಟನ್ನು ಈ ನಾಲ್ಕು ಗಂಟೆಯಲ್ಲಿ ಕುಡಿದಿದೆ ಎಂದರ್ಥ. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದ ಅವನು ಪೆಟ್ರೋಲ್ ಕಳ್ಳನೋ ಅಲ್ಲವೋ ಎಂಬುದನ್ನು ಆ ಒಂದು ಸಂಖ್ಯೆ ಹೇಳಬೇಕಾಗಿತ್ತು.

ಮೆಮೊ ಬಂದು ಹನ್ನೆರಡು ದಿನವಾಗಿತ್ತು. ‘ಕಳೆದ ಮೂರು ತಿಂಗಳಲ್ಲಿ ಸದರಿ ವಾಹನವು ಓಡಿದ ದೂರಕ್ಕೆ ಹೋಲಿಸಿದರೆ ನಲವತ್ತೊಂದು ಲೀಟರ್ ಪೆಟ್ರೋಲ್ ಹೆಚ್ಚುವರಿಯಾಗಿ ಖರ್ಚಾಗಿರುವುದು ಕಂಡುಬಂದಿದ್ದು’ ಎಂದು ಶುರುವಾಗಿ, ಹದಿನೈದು ದಿನದೊಳಗೆ ವಿವರಣೆ ಕೊಡತಕ್ಕದ್ದು ಎಂದು ಮುಗಿದಿತ್ತು. ಕಂಡುಬಂದಿದ್ದು ಯಾರಿಗೆ ಎಂದು ಎಲ್ಲೂ ಇರಲಿಲ್ಲ. ಕಳ್ಳ ಎಂಬ ಮಾತೂ ಇರಲಿಲ್ಲ. ಆದರೆ ಅವತ್ತು ಡ್ರೈವರುಗಳ ಕೋಣೆಯಲ್ಲಿ ಚಹಾ ಲೋಟ ಹಿಡಿದು ಕೂತಾಗ, ಲಾರಿ ಓಡಿಸುವ ದಪ್ಪಣ್ಣ, “ಏನ್ ಮೇಷ್ಟ್ರೇ, ನಲವತ್ತೊಂದು ಲೀಟರ್ರು! ಒಂದೇ ಸಲ ಹೊತ್ಕೊಂಡ್ ಹೋದ್ರೋ, ದಿನಾ ಒಂದೊಂದು ಬಾಟಲಿ ಇಳಿಸಿದ್ರೋ?” ಎಂದು ಕೇಳಿ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಹಾಗೆ ನಕ್ಕಿದ್ದಕ್ಕೆ ಎರಡು ದಿನ ತನ್ನ ಮೇಲೇ ಸಿಟ್ಟು. ನಲವತ್ನಾಲ್ಕನೆಯ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿದ ದಿನದಿಂದ ಅವನಿಗೆ ಅಲ್ಲಿ ಮೇಷ್ಟ್ರು ಎಂದೇ ಹೆಸರು. ಕರೆಯುವಾಗ ಅವರ ದನಿಯಲ್ಲಿ ಗೌರವ ಒಂದು ಪಾಲು, ಚೇಷ್ಟೆ ಮೂರು ಪಾಲು ಇರುತ್ತದೆಂದು ಅವನು ಬಲ್ಲ. ಆದರೂ ಆ ಹೆಸರು ಅವನಿಗೆ ಇಷ್ಟ. ಕಳ್ಳ ಮೇಷ್ಟ್ರು ಎಂದು ಅದು ಬದಲಾಗಬಾರದು. ಲಾಗ್ ಬುಕ್ ತೆಗೆದು ನೋಡಿದರೆ ಏಳು ಕಾಲಂ: ದಿನಾಂಕ, ಹೊರಟ ಜಾಗ, ತಲುಪಿದ ಜಾಗ, ಮೊದಲ ಮೀಟರು, ಕೊನೆಯ ಮೀಟರು, ಉದ್ದೇಶ, ಸಹಿ. ಇಷ್ಟು ಕಿಲೋಮೀಟರಿಗೆ ಇಷ್ಟು ಲೀಟರ್ ಎಂದು ಕಚೇರಿಯ ನಿಯಮ. ಗಾಡಿ ಓಡಿದರೆ ಬರೆಯಲು ಜಾಗವಿತ್ತು. ನಿಂತಲ್ಲೇ ಉರಿದರೆ ಅದಕ್ಕೆ ಕಾಲಂ ಇರಲಿಲ್ಲ.

ಬಿಸಿಲು ಬಾನೆಟ್ಟಿನ ಮೇಲೆ ಕುಣಿಯುತ್ತಿತ್ತು. ಗಾಡಿಯ ಕೆಳಗೆ ಎ.ಸಿ.ಯ ನೀರು ತೊಟ್ಟಿಕ್ಕಿ ನೆಲದಲ್ಲಿ ಒಂದು ಕಪ್ಪು ಗುರುತಾಗಿ, ಅದು ಒಣಗುವುದರೊಳಗೆ ಇನ್ನೊಂದು ಬೀಳುತ್ತಿತ್ತು. ಹೀಗೇ ಎಷ್ಟೋ ಸೇತುವೆಗಳ ಪಕ್ಕದಲ್ಲಿ ಈ ತೊಟ್ಟುಗಳನ್ನು ನೋಡುತ್ತ ನಿಂತಿದ್ದಾನೆ. ಅವನು ಕರೆದುಕೊಂಡು ಹೋಗುವ ಮೇಡಂ ಸೇತುವೆಗಳ ಇಂಜಿನಿಯರ್. ಹಳೆಯ ಸೇತುವೆಗಳ ಕೆಳಗಿಳಿದು, ಕಂಬಕ್ಕೆ ಏಣಿ ಹಾಕಿಸಿಕೊಂಡು, ಹಣೆಗೆ ದೀಪ ಕಟ್ಟಿ, ಕಾಂಕ್ರೀಟಿನ ಬಿರುಕುಗಳನ್ನು ಅಳೆಯುವುದು ಅವರ ಕೆಲಸ. ಅರ್ಧ ಗಂಟೆಗೆ ಬಂದರೂ ಬಂದರು, ಎರಡು ಗಂಟೆಯಾದರೂ ಆಯಿತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರು ಕೆಳಗಿನಿಂದ ಹತ್ತಿ ಬಂದಾಗ ಮುಖ ಕೆಂಡದಂತಾಗಿತ್ತು, ಬಾಗಿಲು ತೆಗೆದು ಸೀಟು ಮುಟ್ಟಿ ನೋಡಿ, ಕೈಯಲ್ಲಿದ್ದ ಫೈಲನ್ನು ಸೀಟಿನ ಮೇಲೆ ಹಾಸಿ ಅದರ ಮೇಲೆ ಕೂತರು. ಅವರು ಬೈದಿದ್ದರೆ ಅವನು ಮರೆಯುತ್ತಿದ್ದ. ಆ ಫೈಲು ಹಾಸಿದ್ದನ್ನು ಮರೆಯಲಾಗಲಿಲ್ಲ. ತನ್ನ ಮನೆಗೆ ಬಂದವರು ಚಾಪೆಯ ಧೂಳು ಕೊಡವಿ ಕೂತ ಹಾಗಾಗಿತ್ತು. ಮಾರನೆಯ ದಿನದಿಂದ ಅವರು ಇಳಿದು ಹೋದ ಕ್ಷಣವೇ ಇಂಜಿನನ್ನೂ ಎ.ಸಿ.ಯನ್ನೂ ಓಡಿಸಿಟ್ಟು ಕಾದ. ಅವರು ಬಂದು ಬಾಗಿಲು ತೆಗೆದರು, ಒಳಗಿನ ತಂಪು ಮುಖಕ್ಕೆ ಬಡಿಯಿತು, ಕಣ್ಣು ಮುಚ್ಚಿ “ಅಬ್ಬಾ” ಎಂದರು. ಅಷ್ಟೇ. ಬೇರೆ ಸಾಹೇಬರ ಡ್ರೈವರುಗಳು ಕಿಟಕಿಯಿಂದ ಕಾಲು ಹೊರಗೆ ಚಾಚಿ ಗೊರಕೆ ಹೊಡೆಯುವ ಹೊತ್ತಿನಲ್ಲಿ ತನ್ನ ಗಾಡಿ ಮಾತ್ರ ಒಬ್ಬರಿಗಾಗಿ ಸಿದ್ಧವಾಗಿ ನಿಂತಿದೆ ಎಂಬ ಹೆಮ್ಮೆ ಅವನ ಬೆನ್ನನ್ನು ನೆಟ್ಟಗೆ ಮಾಡುತ್ತಿತ್ತು. ಆ ‘ಅಬ್ಬಾ’ವನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಎಷ್ಟು ಹೊತ್ತಾಗುತ್ತದೆ ಮೇಡಂ ಎಂದು ಅವನು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಕಾಯಲು ಬೇಸರ ಎಂದಂತಾಗುತ್ತದೆ. ಗಾಡಿ ಹೇಗೆ ಯಾವಾಗಲೂ ತಣ್ಣಗಿರುತ್ತದೆ ಎಂದು ಅವರೂ ಕೇಳಲಿಲ್ಲ.

“ಏನ್ರೀ ಮೇಷ್ಟ್ರೇ!” ಮೊದಲ ಮಹಡಿಯ ಕಿಟಕಿಯಲ್ಲಿ ಸೂಪರಿಂಟೆಂಡೆಂಟರ ತಲೆ ಕಾಣಿಸಿತು. “ಒಣಗಿ ಕಡ್ಡಿ ಆಗ್ತೀರಿ. ಒಳಗೆ ಕೂತ್ಕೊಳ್ರೀ, ಹೇಗೂ ಎ.ಸಿ. ಓಡ್ತಾ ಇದೆಯಲ್ಲ.”

“ಬೇಡ ಸಾರ್. ಒಳಗೆ ಆಳು ಇದ್ರೆ ಅಳತೆ ಬದಲಾಗುತ್ತೆ.”

“ಯಾಕೆ, ನೀವೂ ಕುಡೀತೀರಾ ಪೆಟ್ರೋಲು?”

“ಆಳಿನ ಮೈಯಲ್ಲಿ ಬಿಸಿ ಇರುತ್ತೆ ಸಾರ್. ಅದನ್ನ ಆರಿಸೋಕೂ ಕಂಪ್ರೆಸರ್ ಓಡ್ಬೇಕು.”

“ನಿಮ್ಮ ಮೈಯಲ್ಲಿ ಬಿಸಿ ಜಾಸ್ತಿ ಅಂತ ಇಡೀ ಆಫೀಸಿಗೇ ಗೊತ್ತು ಬಿಡಿ.” ತಲೆ ಒಳಗೆ ಹೋಯಿತು. ಒಳಗಿನಿಂದ ಇಬ್ಬರು ಮೂವರು ನಕ್ಕ ಸದ್ದು ಕೇಳಿಸಿತು.

ಅದೇ ಕಿಟಕಿಯ ಒಳಗೆ, ಅದೇ ಮೇಜಿನ ಮುಂದೆ, ಮೆಮೊ ಬಂದ ಮೂರನೆಯ ದಿನ ಅವನು ನಿಂತಿದ್ದ. ಗಾಡಿ ನಿಂತಾಗಲೂ ಎ.ಸಿ. ಓಡಿಸುತ್ತಿದ್ದೆ ಸಾರ್, ಮೇಡಂಗೋಸ್ಕರ, ಎಂದು ಹೇಳಿದ್ದ. ಸೂಪರಿಂಟೆಂಡೆಂಟರು ಕೆಟ್ಟವರಲ್ಲ, ಫೈಲು ಬೇಗ ಮುಗಿಯಲಿ ಎನ್ನುವವರು. ಅಲ್ಲೇ ಮೇಡಂಗೆ ಫೋನು ಹಚ್ಚಿ, ಅವನಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟರು. “ನೀವು ಇಳಿದು ಹೋದ್ಮೇಲೂ ಎ.ಸಿ. ಓಡ್ಸಿಡು ಅಂತ ಹೇಳಿದ್ರಾ ಮೇಡಂ?” ಫೋನಿನಲ್ಲಿ ಗಾಳಿಯ ಸದ್ದು. ಅದರ ನಡುವೆ, “ಇಲ್ಲ. ನಾನು ಹಾಗೆ ಹೇಳಿಲ್ಲ.” ಅದು ನಿಜ. ಅವರು ಹೇಳಿರಲಿಲ್ಲ. ಆದರೆ ಆ ಕೋಣೆಯಲ್ಲಿ, ಆ ಮೇಜಿನ ಗಾಜಿನಲ್ಲಿ ತನ್ನದೇ ಮುಖ ತಲೆಕೆಳಗಾಗಿ ಕಾಣುತ್ತಿದ್ದಾಗ, ನಿಜ ಅವನ ಕಿವಿಯ ತುದಿಯನ್ನು ಬಿಸಿ ಮಾಡಿತು. ಸಂಜೆ ಅವರನ್ನು ಮನೆಗೆ ಬಿಡುವಾಗ ಕನ್ನಡಿಯಲ್ಲಿ ನೋಡಿದ, ಅವರು ಅವತ್ತಿನ ಅಳತೆಗಳನ್ನು ಶಾಯಿಯಲ್ಲಿ ಪ್ರತಿ ಮಾಡಿ ಬರೆಯುತ್ತಿದ್ದರು, ತುಟಿ ಬಿಗಿ ಹಿಡಿದು. ಇಳಿಯುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು, “ನೀವು ಕಾಯೋ ಹೊತ್ತನ್ನ ಎಲ್ಲಾದ್ರೂ ಬರೆದಿಟ್ಟಿದ್ದೀರಾ?” ಎಂದರು. “ಬರೆದಿದ್ದೀನಿ ಮೇಡಂ.” “ಹಾಗಾದ್ರೆ ಅಳೀರಿ,” ಎಂದು ಹೋದರು. ಅದು ಸಲಹೆಯೋ, ಕೈ ತೊಳೆದುಕೊಂಡದ್ದೋ ಎಂದು ಅವನು ರಾತ್ರಿಯೆಲ್ಲ ಹೊರಳಾಡಿದ.

ಬರೆದದ್ದು ನಿಜ. ಸಂಜೆ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು, ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ಮೊದಲ ದಿನವೇ ಹೇಳಿದ್ದರು, ಕಂಡದ್ದನ್ನು ಕಂಡ ಹೊತ್ತಿಗೇ ಬರೆಯಿರಿ, ನೆನಪನ್ನು ನಂಬಬೇಡಿ ಎಂದು. ಕ್ಲಾಸಿನಲ್ಲಿ ಅದನ್ನು ಅಕ್ಷರಶಃ ನಂಬಿದವನು ಅವನೊಬ್ಬನೇ ಇರಬೇಕು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಸೇತುವೆ, ಮೇಡಂ ಇಳಿದ ಹೊತ್ತು, ಹತ್ತಿ ಬಂದ ಹೊತ್ತು. ಮೂರು ತಿಂಗಳದ್ದು ಕೂಡಿದರೆ ಇಪ್ಪತ್ತೆಂಟು ಗಂಟೆ. ಗಂಟೆಗೆ ಎಷ್ಟು ಕುಡಿಯುತ್ತದೆ ಎಂದು ಗೊತ್ತಾದರೆ ಗುಣಿಸಿದರಾಯಿತು. ಹಾಗೆಂದು ಐದು ದಿನದ ಹಿಂದೆ ಯಾರಿಗೂ ಹೇಳದೆ ತಾನೇ ಒಂದು ಗಂಟೆ ಅಳೆದು ನೋಡಿದ್ದ. ಬಂಕಿನಲ್ಲಿ ಟೋಪಿ ಹಾಕಿಕೊಂಡು ಪೆಟ್ರೋಲ್ ಹಾಕುವ ಹೆಂಗಸು ಅವನಿಗೆ ಬಹಳ ವರ್ಷದ ಪರಿಚಯ. “ಫುಲ್ ಮಾಡಮ್ಮ, ಕುತ್ತಿಗೆವರೆಗೆ,” ಎಂದಿದ್ದಕ್ಕೆ ಆಕೆ, “ಒಂದ್ನಿಮಿಷ ಅಣ್ಣ,” ಎಂದು ಗಾಡಿಯ ಹಿಂಬದಿ ಹಿಡಿದು ನಾಲ್ಕು ಸಲ ಅಲ್ಲಾಡಿಸಿ, ಗಾಳಿ ಬುಳಬುಳ ಎಂದು ಮೇಲೆ ಬಂದ ಮೇಲೆ ಇನ್ನಷ್ಟು ಹಾಕಿದ್ದಳು. ದೂರ ಹೋಗುವ ಡ್ರೈವರುಗಳು ಎಲ್ಲರೂ ಮಾಡಿಸುವುದು ಅದನ್ನೇ. ಒಂದು ಗಂಟೆ ಓಡಿಸಿ ಬಂದಾಗ ಹಿಂದೆ ಐದು ಗಾಡಿ ನಿಂತಿದ್ದವು, ಆಕೆಗೆ ಪುರುಸೊತ್ತಿರಲಿಲ್ಲ. ಪೈಪು ತಾನೇ ಟಕ್ ಎಂದು ನಿಂತ ಕೂಡಲೇ ಎಳೆದುಕೊಂಡಳು. ಯಂತ್ರದ ಮೇಲೆ ನಾನೂರು ಮಿಲಿ. ನಾನೂರು! ಇಪ್ಪತ್ತೆಂಟು ಗಂಟೆಗೆ ಹನ್ನೊಂದು ಲೀಟರ್ ಚಿಲ್ಲರೆ. ಉಳಿದ ಮೂವತ್ತು ಲೀಟರ್ ಎಲ್ಲಿ ಹೋಯಿತು? ಅವತ್ತು ಇಡೀ ದಿನ ಅವನಿಗೆ ಅನ್ನಿಸಿದ್ದು ವಿಚಿತ್ರ: ತಾನು ನಿಜವಾಗಿಯೂ ಕದ್ದಿರಬಹುದೇ, ತನಗೇ ಗೊತ್ತಿಲ್ಲದಂತೆ? ಅಳತೆ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನಿಗೆ ತನ್ನ ಮೇಲಿನ ನಂಬಿಕೆಯೇ ಸಡಿಲಾಯಿತು.

ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ. ಹೆಂಡತಿ ಅಂಗಡಿಯಿಂದ ತಂದ ಹಿಟ್ಟನ್ನು ಡಬ್ಬಕ್ಕೆ ಸುರಿಯುತ್ತಿದ್ದಳು. ಬಾಯಿ ತನಕ ಬಂತು, ಪೊಟ್ಟಣದಲ್ಲಿ ಇನ್ನೂ ಉಳಿದಿತ್ತು. ಆಕೆ ಡಬ್ಬವನ್ನು ಎತ್ತಿ ನೆಲಕ್ಕೆ ಎರಡು ಸಲ ಕುಕ್ಕಿದಳು. ಹಿಟ್ಟು ಕುಸಿದು ನಾಲ್ಕು ಬೆರಳು ಜಾಗವಾಯಿತು.

“ಇನ್ನೊಂದು ಸಲ ಮಾಡು,” ಎಂದ.

“ಏನು?”

“ಕುಕ್ಕೋದು.”

“ನಿಮಗೇನಾದ್ರೂ ತಲೆ ಕೆಟ್ಟಿದೆಯೇನ್ರೀ? ನಾಲ್ಕು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ, ಈಗ ಡಬ್ಬ ಕುಕ್ಕೋದು ನೋಡ್ಕೊಂಡು ಕೂತಿದ್ದೀರಿ.”

“ಮೊದಲನೇ ಸಲ ಅಲ್ಲಾಡಿಸಿದ್ಳು. ಎರಡನೇ ಸಲ ಅಲ್ಲಾಡಿಸ್ಲಿಲ್ಲ,” ಎಂದ. ಎದ್ದು ನಿಂತಿದ್ದ. “ನಾನು ಅಳೆದದ್ದು ಪೆಟ್ರೋಲಲ್ಲ ಕಣೇ, ಗಾಳಿ!”

“ಯಾರವಳು ಅಲ್ಲಾಡಿಸಿದ್ದು?” ಎಂದು ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದಳು. ಅದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು.

ಆದ್ದರಿಂದಲೇ ಈ ಸಲ ಎಲ್ಲವೂ ಬೇರೆ. ಸೂಪರಿಂಟೆಂಡೆಂಟರ ಎದುರಿಗೇ ಅಳೆಯುತ್ತೇನೆ ಎಂದು ಅವನೇ ಬರೆದುಕೊಟ್ಟ. ಅದೇ ಬಂಕು, ಅದೇ ಪೈಪು, ನೆಲದ ಮೇಲೆ ಚಕ್ರದ ಜಾಗಕ್ಕೆ ಸುಣ್ಣದ ಗುರುತು. ಗಾಡಿ ಅಲ್ಲಾಡಿಸಕೂಡದು, ಟಕ್ ಎಂದಲ್ಲಿಗೆ ನಿಲ್ಲಿಸಬೇಕು, ಎರಡೂ ಸಲ. ಒಂದು ಗಂಟೆಯ ಬದಲು ನಾಲ್ಕು ಗಂಟೆ. ತುಂಬಿಸುವುದರಲ್ಲಿ ಅಷ್ಟಿಷ್ಟು ತಪ್ಪಾದರೂ ನಾಲ್ಕರಿಂದ ಭಾಗಿಸಿದಾಗ ತಪ್ಪೂ ಕಾಲು ಭಾಗವಾಗುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಹಾಸಿಗೆಯಲ್ಲಿ ಮಲಗಿ ತಾನೇ ಯೋಚಿಸಿ ಕಂಡುಕೊಂಡದ್ದು. ಆ ಕ್ಷಣದ ಸಂತೋಷ ಎಷ್ಟಿತ್ತೆಂದರೆ, ತಾನು ಸಿಕ್ಕಿಬಿದ್ದಿರುವುದೂ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಗಂಟೆ ಒಂದೂಕಾಲು. ಅವನು ಗೋಡೆಯ ಬುಡಕ್ಕೆ ಒರಗಿ ನೋಟ್‌ಬುಕ್ ತೆಗೆದ. ನಲವತ್ತೊಂದನ್ನು ಇಪ್ಪತ್ತೆಂಟರಿಂದ ಭಾಗಿಸಿದರೆ ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಲೀಟರ್. ಅಂದರೆ ಈ ನಾಲ್ಕು ಗಂಟೆಗೆ ಐದು ಮುಕ್ಕಾಲು, ಆರು ಲೀಟರ್ ಹಿಡಿದರೆ ಅವನು ಪೂರ್ತಿ ಪಾರು. ಹಾಗೆ ಹಿಡಿಯಲಿ ಎಂದು ಆಸೆಪಡುತ್ತಿರುವುದನ್ನು ತಾನೇ ಗಮನಿಸಿ ನಾಚಿಕೆಯಾಯಿತು. ಈಗ ಬಾಗಿಲು ತೆಗೆದು ಫ್ಯಾನನ್ನು ನಾಲ್ಕಕ್ಕೆ ತಿರುಗಿಸಿದರೆ? ಹಿಂದಿನ ಕಿಟಕಿಯನ್ನು ಒಂದು ಬೆರಳು ಇಳಿಸಿ ಬಿಟ್ಟರೆ? ಮೇಲಿನ ಕಿಟಕಿಯಿಂದ ಕಾಣುವುದಿಲ್ಲ. ಕಾಲು ಒಂದು ಹೆಜ್ಜೆ ಮುಂದೆ ಹೋಗಿತ್ತು ಕೂಡ. ಇಂಜಿನ್ ಬಿಸಿಯ ಮುಳ್ಳು ನೋಡಬೇಕು ಎಂದು ತನಗೇ ನೆಪ ಹೇಳಿಕೊಂಡು ಬಾಗಿಲು ತೆಗೆದ. ತಂಪು ಗಾಳಿ ಮುಖಕ್ಕೆ ಬಂದು, ಜೊತೆಗೆ ಸೀಟಿನ ಬಟ್ಟೆಯ ವಾಸನೆ ಬಂದು, ತಟ್ಟನೆ ಆ ಹನ್ನೆರಡು ಮಧ್ಯಾಹ್ನಗಳು ಕಣ್ಣ ಮುಂದೆ ನಿಂತವು. ಬಾಗಿಲು ಹಾಕಿ, ‘ತೆರೆದದ್ದು: ಎರಡು ಸಲ’ ಎಂದು ಬರೆದ.

ಕಾಲೇಜಿನ ಪರೀಕ್ಷೆಗೆ ಮುಂಚಿನ ಹನ್ನೆರಡು ಮಧ್ಯಾಹ್ನ. ಮನೆ ಎರಡೇ ಕೋಣೆ, ಗೋಡೆಯ ಆಚೆ ಪಕ್ಕದವರ ಟಿ.ವಿ., ಈಚೆ ಹೊಲಿಗೆ ಯಂತ್ರ, ಡ್ರೈವರುಗಳ ಕೋಣೆಯಲ್ಲಿ ಪುಸ್ತಕ ತೆಗೆದರೆ ದಪ್ಪಣ್ಣ, “ಶ್! ಮೇಷ್ಟ್ರು ಓದ್ತಾ ಇದಾರೆ, ಉಸಿರು ಮೆಲ್ಲಗೆ ಬಿಡ್ರೋ,” ಎಂದು ಶುರು ಮಾಡುತ್ತಿದ್ದ. ಊಟವನ್ನು ಕಾಲು ಗಂಟೆಯಲ್ಲಿ ಮುಗಿಸಿ ಇದೇ ಅಂಗಳಕ್ಕೆ ಬಂದು, ಇದೇ ಗಾಡಿಯಲ್ಲಿ ಎ.ಸಿ. ಹಾಕಿಕೊಂಡು, ಮೇಡಂ ಕೂರುವ ಹಿಂದಿನ ಸೀಟಿನಲ್ಲೇ ಕೂತು ಮುಕ್ಕಾಲು ಗಂಟೆ ಓದಿದ್ದ. ಉಷ್ಣದ ಪಾಠವನ್ನು ತಂಪಿನಲ್ಲಿ ಕೂತು ಓದಿದ್ದ. ಹೊರಗೆ ಜಗತ್ತು ಸದ್ದಿಲ್ಲದೆ ಓಡಾಡುತ್ತಿತ್ತು; ಗಾಜಿನೊಳಗೆ ಅವನು, ಅವನ ಪುಸ್ತಕ, ಕಂಪ್ರೆಸರ್ ಆಗಾಗ ಟಪ್ ಎಂದು ಹಿಡಿದು ಬಿಡುವ ಸದ್ದು. ಬದುಕಿನಲ್ಲಿ ಅಷ್ಟು ಚೆನ್ನಾಗಿ ಏನನ್ನೂ ಅರ್ಥಮಾಡಿಕೊಂಡಿರಲಿಲ್ಲ. ಬಾಗಿಲು ಎರಡು ಸಲ ತೆರೆದದ್ದನ್ನೂ ಬರೆಯುವ ಮನುಷ್ಯ ಆ ಹನ್ನೆರಡು ದಿನ ನೋಟ್‌ಬುಕ್ಕನ್ನು ಜೇಬಿನಿಂದ ತೆಗೆದಿರಲಿಲ್ಲ. ಅಂದರೆ ಗೊತ್ತಿತ್ತು. ಆಗಲೇ ಗೊತ್ತಿತ್ತು.

ಮೂರು ಗಂಟೆಗೆ ಸೂಪರಿಂಟೆಂಡೆಂಟರು ಕೊಡೆ ಹಿಡಿದು ಕೆಳಗೆ ಬಂದರು, ಕಾಗದದ ಪಟ್ಟಿ ಹಾಗೇ ಇದೆಯೆಂದು ಬಗ್ಗಿ ನೋಡಿದರು. ಇಬ್ಬರೂ ರಸ್ತೆ ದಾಟಿ ಬಂಕಿಗೆ ಹೋದರು. ಸುಣ್ಣದ ಗುರುತಿನ ಮೇಲೆ ಚಕ್ರ ಕೂರಿಸಲು ಮೂರು ಸಲ ಹಿಂದೆ ಮುಂದೆ ಮಾಡಿದ. “ಅಲ್ಲಾಡಿಸ್ಬೇಡಮ್ಮ,” ಎಂದ. “ಗೊತ್ತು ಕಣಣ್ಣ, ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದೀರಿ. ಉಸಿರೂ ಬಿಡಲ್ಲ, ಸಾಕಾ?” ಎಂದು ಆಕೆ ಪೈಪು ಇಳಿಸಿದಳು. ಅಂಕಿಗಳು ಓಡತೊಡಗಿದವು. ಮೂರು ದಾಟಿತು. ಮೂರೂವರೆ. ನಾಲ್ಕು. ಅವನು ಟ್ಯಾಂಕಿನ ಕಡೆ ನೋಡದೆ ಅಂಕಿಗಳನ್ನೇ ನೋಡುತ್ತಿದ್ದ. ಐದು ಬರಲಿ ಎನ್ನುವ ಒಬ್ಬ, ಎಷ್ಟು ಬರುತ್ತದೋ ಅಷ್ಟು ಬರಲಿ ಎನ್ನುವ ಇನ್ನೊಬ್ಬ, ಇಬ್ಬರೂ ಒಂದೇ ಅಂಗಿಯೊಳಗೆ ಬೆವರುತ್ತಿದ್ದರು. ಟಕ್. ನಾಲ್ಕು ಲೀಟರ್ ನಾನೂರು. ನಾಲ್ಕರಿಂದ ಭಾಗಿಸಿದರೆ ಒಂದು ಪಾಯಿಂಟ್ ಒಂದು, ಶೇಷವೇ ಇಲ್ಲ. ಆ ಸಂಖ್ಯೆಯ ಅಂದವೇ ಅವನನ್ನು ಮೊದಲು ಹಿಡಿದದ್ದು. ಅದು ಅವನನ್ನು ಉಳಿಸುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮೇಲಿನ ಕೋಣೆಯಲ್ಲಿ ಸೂಪರಿಂಟೆಂಡೆಂಟರು ಫ್ಯಾನಿನ ಕೆಳಗೆ ಕೂತು ಕಾಗದದ ಮೇಲೆ ಗುಣಿಸಿದರು. “ಇಪ್ಪತ್ತೆಂಟು ಗಂಟೆಗೆ ಮೂವತ್ತು ಪಾಯಿಂಟ್ ಎಂಟು. ಇನ್ನು ಹತ್ತು ಲೀಟರ್ ಚಿಲ್ಲರೆ ಕಮ್ಮಿ ಬಿತ್ತಲ್ರೀ.” ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡರು. ಆಮೇಲೆ ದನಿ ಇಳಿಸಿ, ಮನೆಯವರ ಹಾಗೆ ಮುಂದೆ ಬಾಗಿದರು. “ನೋಡಿ ಮೇಷ್ಟ್ರೇ. ನೋಟ್‌ಬುಕ್ ನಿಮ್ಮದು, ಪೆನ್ನೂ ನಿಮ್ಮದು. ನೀವು ಕಾದಿದ್ದು ಇಪ್ಪತ್ತೆಂಟೇ ಗಂಟೆ ಅಂತ ಯಾರು ಗಡಿಯಾರ ಹಿಡ್ಕೊಂಡು ನಿಂತಿದ್ರು? ಮೂವತ್ತೇಳೂಕಾಲು ಅಂತ ಬರೀರಿ. ನಿಮ್ಮ ನಲವತ್ತೊಂದೂ ಮುಗೀತು, ಫೈಲೂ ಮುಗೀತು, ನನ್ನ ತಲೆನೋವೂ ಮುಗೀತು.”

ಅವರು ಕೇಡು ಬಯಸಿ ಹೇಳಿದ್ದಲ್ಲ. ಅದರಿಂದಲೇ ಅದು ಕಷ್ಟವಾಗಿತ್ತು. ಒಪ್ಪಿಕೊಳ್ಳಲು ತಲೆ ಅರ್ಧ ಬಾಗಿತ್ತು. ಆಗ ಅವನಿಗೆ ಒಂದು ಸೇತುವೆಯ ಕೆಳಗಿನ ತಣ್ಣನೆಯ ವಾಸನೆ ನೆನಪಿಗೆ ಬಂತು. ಒಂದು ಸಲ ನೀರಿನ ಬಾಟಲಿ ಕೊಡಲು ಕೆಳಗಿಳಿದು ಹೋಗಿದ್ದ. ಮೇಡಂ ಏಣಿಯ ಮೇಲೆ ಬೆನ್ನು ಬಿಲ್ಲಾಗಿಸಿ, ಗೆರೆಗಳಿರುವ ಸಣ್ಣದೊಂದು ಪಟ್ಟಿಯನ್ನು ಬಿರುಕಿಗೆ ಒತ್ತಿ ಹಿಡಿದಿದ್ದರು. ಕೆಳಗೆ ನಿಂತ ಕಂಟ್ರಾಕ್ಟರು ನಗುತ್ತ, “ಪಾಯಿಂಟ್ ಎರಡು ಎಂ.ಎಂ. ಅಂತ ಬರ್ಕೊಂಡ್ಬಿಡಿ ಮೇಡಂ, ಕೂದಲೆಳೆ ವ್ಯತ್ಯಾಸ,” ಎಂದ. ಮೇಡಂ ಮುಖ ಕೂಡ ತಿರುಗಿಸದೆ, “ಪಾಯಿಂಟ್ ಮೂರು ಇದೆ,” ಎಂದರು. ಫೋನಿನಲ್ಲಿ ‘ನಾನು ಹಾಗೆ ಹೇಳಿಲ್ಲ’ ಎಂದದ್ದೂ ಅದೇ ದನಿ. ಈ ಎರಡು ದನಿಯೂ ಒಂದೇ ಎಂದು ಇಷ್ಟು ದಿನ ಹೇಗೆ ತಿಳಿಯಲಿಲ್ಲ? ಅವರು ಅವನನ್ನು ಕೈಬಿಟ್ಟಿರಲಿಲ್ಲ, ಇದ್ದದ್ದನ್ನು ಓದಿ ಹೇಳಿದ್ದರು.

“ಒಂಬತ್ತು ಗಂಟೆ ನನ್ನದು ಸಾರ್,” ಎಂದ.

“ನಿಮ್ಮದು ಅಂದ್ರೆ?”

“ಓದೋಕೆ ಕೂತಿದ್ದೆ. ಗಾಡೀಲಿ. ಹನ್ನೆರಡು ದಿನ, ದಿನಕ್ಕೆ ಮುಕ್ಕಾಲು ಗಂಟೆ.”

“ಎ.ಸಿ. ಹಾಕ್ಕೊಂಡು?”

“ಹಾಕ್ಕೊಂಡು ಸಾರ್.”

ಸೂಪರಿಂಟೆಂಡೆಂಟರು ಪೆನ್ನು ಕೆಳಗಿಟ್ಟರು. “ಯಾವ ವಿಷಯ?” ಎಂದು ಕೇಳಿದರು.

“ಭೌತಶಾಸ್ತ್ರ.”

“ಪಾಸಾದ್ರಾ?”

“ಅರವತ್ತೊಂದು ಬಂತು.”

“ಆಫೀಸಿನ ಪೆಟ್ರೋಲು ಸುಟ್ಟು ಬರೀ ಅರವತ್ತೊಂದಾ?” ಎಂದು ಅವರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಒರೆಸಿದರು. “ಇದನ್ನ ಬರೆದುಕೊಟ್ರೆ ನಾನು ಸುಮ್ನೆ ಬಿಡೋ ಹಾಗಿಲ್ಲ. ಗೊತ್ತು ತಾನೆ?”

“ಗೊತ್ತು ಸಾರ್.”

“ಒಂಬತ್ತು ಗಂಟೆಗೆ ಒಂಬತ್ತು ಪಾಯಿಂಟ್ ಒಂಬತ್ತು. ಇನ್ನೂ ಮುನ್ನೂರು ಮಿಲಿ ಉಳೀತಲ್ಲ, ಅದು?”

“ಅದು ಎಲ್ಲಿ ಹೋಯ್ತು ಅಂತ ಗೊತ್ತಾಗ್ತಿಲ್ಲ ಸಾರ್,” ಎಂದ. ಅದು ನಿಜಕ್ಕೂ ಅವನನ್ನು ಕಾಡುತ್ತಿತ್ತು.

“ಗೊತ್ತಿಲ್ಲ ಅಂತಾನೂ ಬರೀತೀರಾ?”

“ಬರೀತೀನಿ.”

ಮೂರು ಪುಟ ಬರೆದ. ಬಂಕಿನ ಮೊದಲ ಅಳತೆ ತಪ್ಪಾದದ್ದು, ಯಾಕೆ ತಪ್ಪಾಯಿತೆಂಬುದು, ಬಾಗಿಲು ಎರಡು ಸಲ ತೆರೆದದ್ದು, ಎಲ್ಲವನ್ನೂ ಬರೆದ. ವಾರದ ಮೇಲೆ ಆದೇಶ ಬಂತು. ಒಂದು: ವಾಹನ ನಿಂತಿರುವಾಗ ಇಂಜಿನ್ ಚಾಲನೆಯಲ್ಲಿಡಕೂಡದು. ಎರಡು: ಹತ್ತು ಲೀಟರ್ ಚಾಲಕನೇ ತುಂಬಿಸಿಕೊಡಬೇಕು. ಮೂರನೆಯದನ್ನು ಅವನ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಅವನ ಸಹಿ ತೆಗೆದುಕೊಂಡರು: ‘ಕಚೇರಿಯ ವಾಹನವನ್ನು ನಿಂತಲ್ಲಿ ಚಾಲನೆಯಲ್ಲಿಟ್ಟು ಸ್ವಂತ ವ್ಯಾಸಂಗಕ್ಕೆ ಬಳಸಿಕೊಂಡಿದ್ದಕ್ಕಾಗಿ ಚಾಲಕನನ್ನು ಎಚ್ಚರಿಸಲಾಗಿದೆ.’ ಸಹಿ ಮಾಡುವ ಮೊದಲು ಆ ಸಾಲನ್ನು ಮೂರು ಸಲ ಓದಿದ. ಇಪ್ಪತ್ತೆರಡು ವರ್ಷದಲ್ಲಿ ಆ ಪುಸ್ತಕದಲ್ಲಿ ಅವನ ಬಗ್ಗೆ ಇದ್ದದ್ದು ರಜೆಗಳು, ಬಡ್ತಿಯಿಲ್ಲದ ವರ್ಷಗಳು, ಎಡ ಮೊಣಕೈ ಮೇಲಿನ ಮಚ್ಚೆ. ವ್ಯಾಸಂಗ ಎಂಬ ಮಾತು ಅದರೊಳಗೆ ಬಂದದ್ದು ಇದೇ ಮೊದಲು. ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಅವನ ಮುಖ ನೋಡಿ, “ಎಚ್ಚರಿಕೆ ಕೊಟ್ಟಿದ್ದಕ್ಕೆ ಇಷ್ಟು ಬೀಗ್ಕೊಂಡು ಮನೆಗೆ ಬಂದ ಗಂಡಸು ನೀವೊಬ್ರೇ ಇರ್ಬೇಕು,” ಎಂದಳು. ಆದರೆ ಅವತ್ತು ಆಕೆಯೇ ಟಿ.ವಿ. ಸದ್ದು ಕಡಿಮೆ ಮಾಡಿ ಎಂದು ಪಕ್ಕದ ಮನೆಗೆ ಹೇಳಿ ಬಂದಳು. ದಪ್ಪಣ್ಣ ಎರಡು ದಿನ ಬಿಟ್ಟು ತನ್ನ ಲಾರಿ ನಿಂತಾಗ ಎಷ್ಟು ಕುಡಿಯುತ್ತದೆಂದು ಅಳೆಯುವುದು ಹೇಗೆ ಎಂದು ಮೆಲ್ಲಗೆ ವಿಚಾರಿಸಿದ.

ಆದೇಶದ ನಂತರದ ಮೊದಲ ಸೇತುವೆ. ಇಂಜಿನ್ ಆರಿಸಿ, ಕಂಬದ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ಮುಂದಿನ ವರ್ಷದ ಪುಸ್ತಕ ತೆಗೆದ. ಬೆವರು ಪುಟದ ಮೇಲೆ ಬಿದ್ದು ಅಕ್ಷರ ದಪ್ಪವಾಗುತ್ತಿತ್ತು. ಒಂದೂವರೆ ಗಂಟೆಯ ಮೇಲೆ ಮೇಡಂ ಹತ್ತಿ ಬಂದು ಬಾಗಿಲು ತೆಗೆದರು. ಒಳಗಿನ ಕಾವು ಬಂದು ಅವರ ಮುಖಕ್ಕೆ ಹೊಡೆಯಿತು. ಅವನು ಕಣ್ಣು ತಗ್ಗಿಸಿದ. ಅವರು ಕೂರಲಿಲ್ಲ, ಬಾಗಿಲು ಹಿಡಿದೇ ನಿಂತರು.

“ಎಷ್ಟು ಬಂತು ನಿಮ್ಮ ಅಳತೆ?”

“ಗಂಟೆಗೆ ಒಂದು ಪಾಯಿಂಟ್ ಒಂದು ಮೇಡಂ.”

“ಎಷ್ಟು ಸಲ ಅಳೆದ್ರಿ?”

“ಎರಡು ಸಲ. ಮೊದಲನೇದು ತಪ್ಪಾಗಿತ್ತು.”

“ತಪ್ಪಾದದ್ದನ್ನೂ ಬರೆದಿದ್ದೀರಾ?”

“ಬರೆದಿದ್ದೀನಿ.”

ಅವರು ತಲೆಯಾಡಿಸಿದರು, ಬಿರುಕಿನ ಅಳತೆ ಸರಿಯಿದ್ದಾಗ ಆಡಿಸುವ ಹಾಗೆ. “ಒಳಗೆ ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು?”

“ಐದು ನಿಮಿಷ ಸಾಕು.”

“ಐದು ನಿಮಿಷಕ್ಕೆ ಎಷ್ಟಾಗುತ್ತೆ?”

“ತೊಂಬತ್ತೆರಡು ಮಿಲಿ,” ಎಂದ. ಅದನ್ನು ಅವನು ಮೊದಲೇ ಲೆಕ್ಕ ಹಾಕಿಟ್ಟಿದ್ದ.

“ಅಷ್ಟಕ್ಕೆ ಅನುಮತಿ ಬೇಕು ಅಂತ ನಾನು ಬರೆದುಕೊಡ್ತೀನಿ. ಅದು ಬಂದ್ಮೇಲೆ, ಹತ್ತೋಕೆ ಐದು ನಿಮಿಷ ಮೊದಲು ಕೆಳಗಿಂದ ನಿಮ್ಮ ಫೋನಿಗೆ ಒಂದು ರಿಂಗ್ ಕೊಡ್ತೀನಿ. ಎರಡು ವರ್ಷ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.” ಫೈಲನ್ನು ಸೀಟಿನ ಮೇಲೆ ಹಾಸಿ, ಅದರ ಮೇಲೆ ಕೂತರು. “ಲಾಗ್ ಬುಕ್ಕಲ್ಲಿ ಬರೀಬೇಕು ಅದನ್ನ.”

“ಅದಕ್ಕೆ ಕಾಲಂ ಇಲ್ಲ ಮೇಡಂ.”

“ಗೆರೆ ಎಳೀರಿ,” ಎಂದರು.

ಅನುಮತಿ ಬರಲು ಹದಿನೆಂಟು ದಿನ ಹಿಡಿಯಿತು. ಮರುದಿನ ಇನ್ನೊಂದು ಸೇತುವೆಯ ಪಕ್ಕದಲ್ಲಿ, ಮಡಿಲಿನಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಾಗ, ಜೇಬಿನಲ್ಲಿ ಫೋನು ಒಂದೇ ಸಲ ಹೊಡೆದುಕೊಂಡು ನಿಂತಿತು. ಅವನು ಎದ್ದು ಹೋಗಿ ಇಂಜಿನ್ ಶುರು ಮಾಡಿ, ಎ.ಸಿ. ಹಾಕಿ, ಹೊರಗೆ ಬಂದು ಬಾಗಿಲು ಒಂದೇ ಸಲಕ್ಕೆ ಹಾಕಿದ. ಒಳಗೆ ಕೂರಲಿಲ್ಲ. ಬಾನೆಟ್ಟಿನ ಮೇಲೆ ಲಾಗ್ ಬುಕ್ ಇಟ್ಟು, ಬೆಳಿಗ್ಗೆಯೇ ಅಳತೆಪಟ್ಟಿ ಇಟ್ಟು ಎಳೆದಿದ್ದ ಎಂಟನೆಯ ಕಾಲಮ್ಮಿನ ತಲೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ನಿಂತ ಹೊತ್ತು’ ಎಂದು ಬರೆದ. ಅದರ ಕೆಳಗೆ: ‘ಐದು ನಿಮಿಷ. 92 ಮಿ.ಲೀ.’ ಮೇಡಂ ಇನ್ನೂ ಮೆಟ್ಟಿಲು ಹತ್ತುತ್ತಿದ್ದರು. ಗಾಡಿಯ ಅಡಿಯಿಂದ ಮೊದಲ ತೊಟ್ಟು ನೀರು ನೆಲಕ್ಕೆ ಬಿತ್ತು.